ಜನವರಿ 7ಕ್ಕೆ ಐದು ಇಂಚು ಮಳೆ! ಪೋಸ್ಟ್‌ಗ್ರೆಸ್ ತಾರೀಕನ್ನು ಹೇಗೆ ಓದುತ್ತದೆ?

ಹೊಸನಗರದವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಅಜ್ಜ 1961ರಿಂದ 1998ರವರೆಗೆ ದಿನಾ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದಾರೆ. ತಾರೀಕು, ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಭಾಗ), ಪಕ್ಕದಲ್ಲಿ ಮಳೆ ನಕ್ಷತ್ರ. ಒಂದು ಸಾಲು ಹೀಗಿರುತ್ತದೆ: ‘7-8-68, 4 ಇಂಚು 35 ಸೆಂಟು, ಆಶ್ಲೇಷ’. ಇದನ್ನೆಲ್ಲ ಚಿಕ್ಕಪ್ಪನ ಮಗಳು ಎಕ್ಸೆಲ್‌ಗೆ ಏರಿಸಿದಳು. ನಾನು ಅದನ್ನು ಸಿಎಸ್‌ವಿ (ಮಧ್ಯೆ ಕಾಮಾ ಇರುವ ಬರೀ ಅಕ್ಷರದ ಫೈಲು) ಮಾಡಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕಿದೆ.

ಈಗ ನೋಡಿದರೆ 1968ರ ಜನವರಿ 7ಕ್ಕೆ 5 ಇಂಚು 20 ಸೆಂಟು ಮಳೆ ತೋರಿಸುತ್ತಿದೆ. ಜನವರಿಯಲ್ಲಿ ನಾವು ಅಡಿಕೆ ಒಣಗಿಸುತ್ತಾ ಇರುತ್ತೇವೆ, ಮಾರಾಯ್ರೇ. ಇನ್ನೊಂದು, ಟೇಬಲ್‌ನಲ್ಲಿ 2061ರಿಂದ 2069ರ ತನಕದ ಸಾಲುಗಳೂ ಇವೆ. ಮತ್ತೆ ಅರ್ಥವೇ ಆಗದ್ದು: ಇದೇ ಫೈಲು ಮನೆಯ ಲ್ಯಾಪ್‌ಟಾಪ್‌ನಲ್ಲಿ ತಕರಾರಿಲ್ಲದೆ ಒಳಗೆ ಹೋಯಿತು. ಬಾಡಿಗೆ ಸರ್ವರ್‌ಗೆ ಹಾಕಲು ಹೋದರೆ ‘13-8-68’ ತರಹದ ತಾರೀಕು ಇರುವ ಸಾಲಿನಲ್ಲಿ ಎರರ್ ಕೊಟ್ಟು ನಿಂತುಬಿಡುತ್ತದೆ. ಎರಡೂ ಕಡೆ ಪೋಸ್ಟ್‌ಗ್ರೆಸ್ಸೇ, ಆವೃತ್ತಿಯೂ ಒಂದೇ.

ತುಂಗಾತೀರ:

ಕೊನೆಯದರಿಂದ ಶುರು ಮಾಡೋಣ, ಅದು ಸುಲಭ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟ್‌ಸ್ಟೈಲ್ ಅಂತ ಒಂದು ಸೆಟ್ಟಿಂಗ್ ಇದೆ. ಅದರಲ್ಲಿ ಎರಡು ಭಾಗ. ತಾರೀಕನ್ನು ಹೇಗೆ ತೋರಿಸಬೇಕು ಅನ್ನೋದು ಒಂದು. ‘7-8-68’ ತರಹದ್ದು ಬಂದರೆ ಯಾವ ಕ್ರಮದಲ್ಲಿ ಓದಬೇಕು ಅನ್ನೋದು ಇನ್ನೊಂದು: ದಿನ-ತಿಂಗಳು-ವರ್ಷ, ತಿಂಗಳು-ದಿನ-ವರ್ಷ ಅಥವಾ ವರ್ಷ-ತಿಂಗಳು-ದಿನ. ಮೂಲದಲ್ಲಿ ಇರೋದು ಅಮೆರಿಕದ ಕ್ರಮ, ಅಂದರೆ ತಿಂಗಳು ಮೊದಲು. ಆದರೆ ಡೇಟಾಬೇಸನ್ನು ಮೊದಲ ಸಲ ಸಿದ್ಧ ಮಾಡುವಾಗ ಅದು ಕಂಪ್ಯೂಟರ್‌ನ ಲೊಕೇಲ್ (ದೇಶ-ಭಾಷೆಯ ಸೆಟ್ಟಿಂಗ್) ನೋಡಿ ಕಾನ್ಫಿಗ್ ಫೈಲಿನಲ್ಲಿ ಕ್ರಮ ಬರೆದುಬಿಡುತ್ತದೆ. ನಿಮ್ಮ ಲ್ಯಾಪ್‌ಟಾಪ್ ಭಾರತದ ಲೊಕೇಲ್‌ನಲ್ಲಿ ಇರಬೇಕು, ಹಾಗಾಗಿ ದಿನ ಮೊದಲು. ಸರ್ವರ್ ಅಮೆರಿಕದ ಲೊಕೇಲ್‌ನಲ್ಲಿ ಇರಬೇಕು. ಅಲ್ಲಿ ‘13-8-68’ ಅಂದರೆ ಹದಿಮೂರನೇ ತಿಂಗಳು. ಅದಕ್ಕೇ ಎರರ್.

ಎರಡೂ ಕಡೆ ‘ಶೋ ಡೇಟ್‌ಸ್ಟೈಲ್’ ಕೊಟ್ಟು ನೋಡಿ.

2068 ಹೇಗೆ ಬಂತು ಅಂದರೆ, ಎರಡಂಕಿಯ ವರ್ಷ 70ರಿಂದ 99ರ ಒಳಗಿದ್ದರೆ ಪೋಸ್ಟ್‌ಗ್ರೆಸ್ ಅದನ್ನು 1970–1999 ಅಂದುಕೊಳ್ಳುತ್ತದೆ. 00ಯಿಂದ 69 ಆದರೆ 2000–2069. ನಿಮ್ಮ ಅಜ್ಜ 1970ರಲ್ಲಿ ಶುರು ಮಾಡಿದ್ದಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ :)

ಹೊಸನಗರದವ:

ನೋಡಿದೆ. ಲ್ಯಾಪ್‌ಟಾಪ್‌ನಲ್ಲಿ ದಿನ ಮೊದಲು, ಸರ್ವರ್‌ನಲ್ಲಿ ತಿಂಗಳು ಮೊದಲು. ನೀವು ಹೇಳಿದ್ದೇ ಸರಿ. ಆದರೆ ಹಾಗಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಓದಬೇಕಿತ್ತಲ್ವಾ? ಅಲ್ಲೇ ಜನವರಿ ಮಳೆ ಕಾಣಿಸುತ್ತಿರೋದು.

ಕುಂದಾದ್ರಿ:

ಒಳ್ಳೆ ಪ್ರಶ್ನೆ. ಒಂದು ಕೆಲಸ ಮಾಡಿ. 1968ರ ಜನವರಿಯಲ್ಲಿ ಮಳೆ ಇರುವ ದಿನಗಳನ್ನು ಮಾತ್ರ ಇಲ್ಲಿ ಹಾಕಿ. ಆಮೇಲೆ ಸಿಎಸ್‌ವಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಆಗಸ್ಟ್‌ನ ಎರಡು ಮೂರು ಸಾಲು ಹಾಗೇ ಹಾಕಿ. ಎಕ್ಸೆಲ್‌ನಲ್ಲಿ ಮಾತ್ರ ತೆರೆಯಬೇಡಿ.

ಹೊಸನಗರದವ:

ಜನವರಿಯಲ್ಲಿ ಮಳೆ ಇರೋದು 6, 7, 8, 9 ಮತ್ತು ಸ್ವಲ್ಪ 10. ಹದಿಮೂರರಿಂದ ಮೂವತ್ತೊಂದರವರೆಗೆ ಒಂದು ಹನಿಯೂ ಇಲ್ಲ. ಫೆಬ್ರವರಿಯಲ್ಲೂ ಅದೇ 6, 7, 8, 9. ಮಾರ್ಚ್‌ನಲ್ಲೂ ಹಾಗೇ!

ಫೈಲಿನ ಸಾಲುಗಳು:
1968-07-08, 4.35, ಆಶ್ಲೇಷ
13-8-68, 2.1, ಆಶ್ಲೇಷ
14-8-68, 1.62, ಆಶ್ಲೇಷ

ಕುಂದಾದ್ರಿ:

ಸಿಕ್ಕಿಬಿತ್ತು. ಇದು ಪೋಸ್ಟ್‌ಗ್ರೆಸ್ ಮಾಡಿದ ಕೆಲಸ ಅಲ್ಲ, ಎಕ್ಸೆಲ್ ಮಾಡಿದ್ದು. ಪೋಸ್ಟ್‌ಗ್ರೆಸ್ ಸುಮ್ನೆ ಒಪ್ಪಿಕೊಂಡಿತು ಅಷ್ಟೆ.

ನಿಮ್ಮ ತಂಗಿಯ ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ಪ್ರದೇಶ ಅಮೆರಿಕ ಅಂತ ಇರಬೇಕು. ಹೊಸ ಲ್ಯಾಪ್‌ಟಾಪ್ ತಂದು ‘ಮುಂದೆ, ಮುಂದೆ’ ಒತ್ತಿದರೆ ಎಷ್ಟೋ ಸಲ ಅದೇ ಉಳಿದಿರುತ್ತದೆ. ಅಲ್ಲಿ ‘7-8-68’ ಅಂತ ಒತ್ತಿದ ತಕ್ಷಣ ಎಕ್ಸೆಲ್ ಅದನ್ನು ಜುಲೈ 8, 1968 ಮಾಡಿಕೊಂಡಿತು. ‘13-8-68’ ಅದಕ್ಕೆ ತಾರೀಕು ಅನ್ನಿಸಲೇ ಇಲ್ಲ, ಬರೀ ಅಕ್ಷರ ಅಂತ ಬಿಟ್ಟುಬಿಟ್ಟಿತು. ಎಕ್ಸೆಲ್‌ನಲ್ಲಿ ಆ ಕಾಲಂ ನೋಡಿ: ಕೆಲವು ಬಲಕ್ಕೆ ಅಂಟಿರುತ್ತವೆ, ಕೆಲವು ಎಡಕ್ಕೆ. ಬಲಕ್ಕೆ ಇರೋದು ತಾರೀಕು, ಎಡಕ್ಕೆ ಇರೋದು ಅಕ್ಷರ.

ಇಲ್ಲಿಯ ತನಕ ನಷ್ಟ ಏನೂ ಆಗಿರಲಿಲ್ಲ. ಹಾಗೇ ಸಿಎಸ್‌ವಿ ಮಾಡಿದ್ದರೆ ಎಕ್ಸೆಲ್ ಅದನ್ನು ‘7/8/1968’ ಅಂತಲೇ ಬರೆಯುತ್ತಿತ್ತು. ನಿಮ್ಮ ಪೋಸ್ಟ್‌ಗ್ರೆಸ್ ಅದನ್ನು ಆಗಸ್ಟ್ 7 ಅಂತ ಓದುತ್ತಿತ್ತು. ತಪ್ಪಿನ ಮೇಲೆ ತಪ್ಪಾಗಿ ಸರಿಯಾಗುತ್ತಿತ್ತು. ಆದರೆ ಯಾರೋ ಕಾಲಂನ ಫಾರ್ಮ್ಯಾಟನ್ನು ವರ್ಷ-ತಿಂಗಳು-ದಿನಕ್ಕೆ ಬದಲಿಸಿದ್ದಾರೆ, ಅಲ್ವಾ?

ಹೊಸನಗರದವ:

ಹೌದು! ಡೇಟಾಬೇಸ್‌ಗೆ ಆ ಫಾರ್ಮ್ಯಾಟೇ ಕ್ಷೇಮ ಅಂತ ಎಲ್ಲ ಕಡೆ ಬರೆದಿದ್ದರಲ್ಲ.

ಕುಂದಾದ್ರಿ:

ಕ್ಷೇಮವೇ. ಬರೆಯೋದಕ್ಕಿಂತ ಮೊದಲು ತಾರೀಕು ಸರಿ ಇದ್ದರೆ. ‘1968-07-08’ ಅಂತ ನಾಲ್ಕಂಕಿಯ ವರ್ಷ ಮುಂದಿದ್ದರೆ ಪೋಸ್ಟ್‌ಗ್ರೆಸ್ ಡೇಟ್‌ಸ್ಟೈಲ್ ಕಡೆ ತಿರುಗಿಯೂ ನೋಡುವುದಿಲ್ಲ, ಜುಲೈ 8 ಅಂತಲೇ ತೆಗೆದುಕೊಳ್ಳುತ್ತದೆ. ಕೆಳಗಿನ ‘13-8-68’ ದಿನ ಮೊದಲಿನ ಕ್ರಮಕ್ಕೆ ಹೊಂದುತ್ತದೆ. ಎರಡು ಬಗೆಯ ತಾರೀಕು ಒಂದೇ ಕಾಲಂನಲ್ಲಿದ್ದರೂ ಲ್ಯಾಪ್‌ಟಾಪ್‌ನಲ್ಲಿ ಎರಡೂ ಒಳಗೆ ಹೋದವು. ನಿಮ್ಮನ್ನು ಕಾಪಾಡಿದ್ದು ಎರರ್ ಕೊಟ್ಟ ಆ ಸರ್ವರ್.

ಜನವರಿ ಲೆಕ್ಕವೂ ಈಗ ಅರ್ಥವಾಗುತ್ತದೆ. ಜುಲೈ 1 ಅನ್ನೋದು ಜನವರಿ 7 ಆಗಿದೆ. ಜುಲೈ 2 ಹೋಗಿ ಫೆಬ್ರವರಿ 7. ಹೀಗೆ ಜುಲೈ 12ರ ಮಳೆ ಡಿಸೆಂಬರ್ 7ಕ್ಕೆ ಬಿದ್ದಿದೆ. ಜೂನ್ ಮಳೆ ಪ್ರತಿ ತಿಂಗಳ ಆರಕ್ಕೆ, ಆಗಸ್ಟ್ ಮಳೆ ಎಂಟಕ್ಕೆ. ಯಾವ ಊರಿನ ಮಳೆ ಲೆಕ್ಕದಲ್ಲಾದರೂ ಬೇಸಿಗೆಯ 6, 7, 8, 9ನೇ ತಾರೀಕು ಮಾತ್ರ ಒದ್ದೆ ಇದ್ದರೆ ದಿನ-ತಿಂಗಳು ಅದಲು ಬದಲಾಗಿದೆ ಅಂತಲೇ ಅರ್ಥ. ಮಳೆಗಾಲ ಇಲ್ಲದ ದೇಶದವರಿಗೆ ಇದನ್ನು ಹಿಡಿಯೋದು ನಮ್ಮಷ್ಟು ಸುಲಭ ಅಲ್ಲ.

ಸಾಗರದ ಸವಾರ:

ನನಗೊಂದು ಡೌಟು. ಹದಿಮೂರನೇ ತಿಂಗಳು ಇಲ್ಲ ಅಂತ ಡೇಟಾಬೇಸ್‌ಗೂ ಗೊತ್ತು. ಹಾಗಿದ್ದರೆ ಸರ್ವರ್ ತಾನೇ ತಿಳಿದುಕೊಂಡು ಆಗಸ್ಟ್ 13 ಅಂತ ಓದಬಹುದಿತ್ತಲ್ಲ? ಎರರ್ ಕೊಡೋದು ಯಾಕೆ? ನಮ್ಮ ಅಂಗಡಿ ಹುಡುಗನೂ ಇಷ್ಟು ಊಹಿಸುತ್ತಾನೆ.

ತುಂಗಾತೀರ:

ಹಿಂದೆ ಹಾಗೇ ಇತ್ತು! ಒಂದು ಕ್ರಮದಲ್ಲಿ ಹೊಂದದಿದ್ದರೆ ದಿನ-ತಿಂಗಳು ತಿರುಗಿಸಿ ಓದುತ್ತಿತ್ತು. 2003ರಲ್ಲಿ ಬಂದ 7.4ನೇ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿದರು. ಒಳ್ಳೇದೇ ಮಾಡಿದರು ಅಂತ ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. ವರ್ಷದಲ್ಲಿ 365 ದಿನ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಎರಡೂ ರೀತಿ ಓದಬಹುದು, ಒಟ್ಟು 144. ಅದರಲ್ಲಿ 1-1, 2-2 ಹೀಗೆ 12-12ರ ತನಕ ಹನ್ನೆರಡು ದಿನ ತಿರುಗಿಸಿದರೂ ಅದೇ. ಉಳಿದದ್ದು 132. ಊಹೆ ಮಾಡುವ ಡೇಟಾಬೇಸ್ 221 ದಿನಗಳನ್ನು ತಾನೇ ಸರಿ ಮಾಡಿ, 132 ದಿನಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಜಾಸ್ತಿ ಸಾಲು ಸರಿ ಕಾಣುತ್ತವೆ. ಹಾಗಾಗಿ ಯಾರೂ ಅನುಮಾನ ಪಡುವುದಿಲ್ಲ. ಅಂಗಡಿ ಹುಡುಗ ಅನುಮಾನ ಬಂದರೆ ತಿರುಗಿ ಕೇಳುತ್ತಾನೆ. ಇದು ಕೇಳುವುದಿಲ್ಲ, ಬರೆದುಕೊಂಡು ಮುಂದೆ ಹೋಗುತ್ತದೆ.

ಸಾಗರದ ಸವಾರ:

ಪೈಥಾನ್ ಭಾಷೆಯ ಪಾಂಡಾಸ್ ಲೈಬ್ರರಿ ಹೀಗೇ ಮಾಡುತ್ತಿತ್ತು ಅಂತ ನೆನಪು. ಒಂದೊಂದು ಸಾಲನ್ನೂ ಅದರ ಪಾಡಿಗೆ ಓದೋದು.

ತುಂಗಾತೀರ:

ಹೌದು, 2023ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿಯ ತನಕ. ಈಗ ಮೊದಲ ತಾರೀಕು ನೋಡಿ ಫಾರ್ಮ್ಯಾಟ್ ಊಹಿಸುತ್ತದೆ, ಅದನ್ನೇ ಇಡೀ ಕಾಲಂಗೆ ಹಾಕುತ್ತದೆ. ಹೊಂದದಿದ್ದರೆ ಎರರ್. ಊಹೆ ಪೂರ್ತಿ ಹೋಗಿಲ್ಲ, ಆದರೆ ಕಾಲಂನ ಅರ್ಧಕ್ಕೆ ಒಂದು ನ್ಯಾಯ, ಇನ್ನರ್ಧಕ್ಕೆ ಇನ್ನೊಂದು ನ್ಯಾಯ ಅನ್ನೋದು ತಪ್ಪಿತು.

ಮಂಡಿಲೆಕ್ಕ:

ನಮ್ಮ ಕಥೆ ಕೇಳಿ. ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರದ ಲೆಕ್ಕದ ಕೆಲಸ ನನ್ನದು. ಹೊರಗಿನವರೊಬ್ಬರು ಮಾಡಿಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್, ಅದರ ಹಿಂದೆ ಇರೋದು ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸ್. ಹೊಸ ಹುಡುಗನಿಗೆ ಲಾಗಿನ್ ಮಾಡಿಕೊಟ್ಟರು. ಅವನ ಬಿಲ್ಲು ಮಾತ್ರ ತಾರೀಕು ತಪ್ಪು. ಏಪ್ರಿಲ್ 3ರ ರಾಶಿ ಇಡಿ ಅಡಿಕೆಯ ಬಿಲ್ಲು ಮಾರ್ಚ್ 4ಕ್ಕೆ ಹೋಗಿ ಕೂತಿದೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ! ಆಡಿಟರ್ ಮುಂದೆ ವಿವರಿಸೋದು ಯಾರು? ಏಪ್ರಿಲ್ 15ರ ಬಿಲ್ ಹಾಕಿದರೆ ಎರರ್.

ಕೊನೆಗೆ ತಿಳಿದದ್ದು: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪ್ರತಿ ಲಾಗಿನ್‌ಗೂ ಒಂದು ಭಾಷೆ ಇರುತ್ತದೆ. ಉಳಿದವರದ್ದು ಅಮೆರಿಕನ್ ಇಂಗ್ಲಿಷ್, ಇವನದ್ದು ಬ್ರಿಟಿಷ್ ಇಂಗ್ಲಿಷ್. ಭಾಷೆ ಬದಲಾದರೆ ತಾರೀಕು ಓದುವ ಕ್ರಮವೂ ಬದಲು. ಸಾಫ್ಟ್‌ವೇರ್ ಕಳಿಸುತ್ತಿದ್ದದ್ದು ‘2019-04-03’ ಅಂತ, ವರ್ಷ ಮುಂದಿಟ್ಟೇ. ಅದು ಕ್ಷೇಮ ಅಂತಲ್ವಾ ನೀವು ಹೇಳಿದ್ದು?

ಬಿಳಿಗಡ್ಡ:

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದು ಹಳೇ ಗಾಯ. ಕಾಲಂನ ಬಗೆ ಹಳೆಯ ಡೇಟ್‌ಟೈಮ್ ಆಗಿದ್ದು, ಲಾಗಿನ್ ದಿನ-ಮೊದಲಿನ ಭಾಷೆಯಲ್ಲಿದ್ದರೆ ‘2019-04-03’ ಅನ್ನು ವರ್ಷ-ದಿನ-ತಿಂಗಳು ಅಂತ ಓದುತ್ತದೆ. 2008ರ ಆವೃತ್ತಿಯಲ್ಲಿ ಬಂದ ಡೇಟ್ ಮತ್ತು ಡೇಟ್‌ಟೈಮ್2 ಬಗೆಗಳಿಗೆ ಈ ಕಾಟ ಇಲ್ಲ. ಹಳೇ ಕಾಲಂ ಬಿಡಲಾಗದಿದ್ದರೆ ಗೆರೆ ಇಲ್ಲದೆ ‘20190403’ ಅಂತ ಕಳಿಸಿ, ಯಾವ ಭಾಷೆಯಲ್ಲೂ ಒಂದೇ ಅರ್ಥ. ಅಥವಾ ಕನ್ವರ್ಟ್ ಮಾಡುವಾಗ ಶೈಲಿ ಸಂಖ್ಯೆ ಕೊಡಿ. 103 ಅಂದರೆ ದಿನ ಮೊದಲು, 101 ಅಂದರೆ ತಿಂಗಳು ಮೊದಲು.

ನಾನು ಇಷ್ಟು ವರ್ಷ ಕೆಲಸ ಮಾಡಿದ್ದು ಒರಾಕಲ್ ಡೇಟಾಬೇಸ್‌ನಲ್ಲಿ. ಅಲ್ಲೂ ರಾಮಾಯಣ ಇದೆ. ಫಾರ್ಮ್ಯಾಟ್ ಹೇಳದೆ ತಾರೀಕು ಕೊಟ್ಟರೆ ಅದು ಸೆಷನ್‌ನ (ಆ ಸಂಪರ್ಕದ) ಎನ್‌ಎಲ್‌ಎಸ್ ಡೇಟ್ ಫಾರ್ಮ್ಯಾಟ್ ಅನ್ನೋ ಸೆಟ್ಟಿಂಗ್ ನೋಡುತ್ತದೆ. ಆ ಸೆಷನ್ ಯಾರ ಕಂಪ್ಯೂಟರ್‌ನಿಂದ ಬಂತು ಅನ್ನೋದರ ಮೇಲೆ ಅದು ಬದಲಾಗಬಹುದು. ತಿಂಗಳ ಹೆಸರು ಬರೆದರೆ ಪಾರು ಅಂತ ಹಲವರು ತಿಳಿದಿದ್ದಾರೆ, ಆ ಹೆಸರು ಯಾವ ಭಾಷೆಯದು ಅನ್ನೋದಕ್ಕೂ ಬೇರೆ ಸೆಟ್ಟಿಂಗ್ ಇದೆ.

ಎರಡಂಕಿಯ ವರ್ಷಕ್ಕೆ ಒರಾಕಲ್‌ನಲ್ಲಿ ಎರಡು ಗುರುತು: ವೈವೈ ಮತ್ತು ಆರ್‌ಆರ್. ನಿಮ್ಮ 68ನ್ನು ವೈವೈ ಕೊಟ್ಟು ಓದಿಸಿದರೆ 2068. ಆರ್‌ಆರ್ ಕೊಟ್ಟರೆ 1968, ಯಾಕಂದರೆ ಈಗ ಶತಮಾನದ ಮೊದಲ ಅರ್ಧದಲ್ಲಿದ್ದೇವೆ, 50ರಿಂದ 99ರವರೆಗೆ ಹಿಂದಿನ ಶತಮಾನಕ್ಕೆ ಹೋಗುತ್ತದೆ. ಎಸ್‌ಕ್ಯೂಎಲ್ ಸರ್ವರ್ ಕೂಡ ಮೂಲ ಸೆಟ್ಟಿಂಗ್‌ನಲ್ಲಿ 49ರ ತನಕ 2000, 50ರಿಂದ 1900. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡಕ್ಕೂ ಗಡಿ 69. ಒಂದೇ ‘68’, ಆದರೆ ಯಾರ ಮನೆಗೆ ಹೋಗುತ್ತದೆ ಅನ್ನೋದರ ಮೇಲೆ ನೂರು ವರ್ಷದ ವ್ಯತ್ಯಾಸ. ಇವರ ಎಕ್ಸೆಲ್ ಶೀಟಿನಲ್ಲಿ ಅದೇ 68 ಸರಿಯಾಗಿ 1968 ಆಗಿದೆ, ಗಮನಿಸಿದಿರಾ? ಹಾಗಾಗಿ 1968ರ ಒಂದೇ ಆಗಸ್ಟ್ ಎರಡು ಶತಮಾನಕ್ಕೆ ಹಂಚಿಹೋಗಿದೆ.

ಮಂಡಿಲೆಕ್ಕ:

ಧನ್ಯವಾದ ಸರ್. ‘20190403’ ವಿಷಯ ಸಾಫ್ಟ್‌ವೇರ್‌ನವರಿಗೆ ಹೇಳುತ್ತೇನೆ. ಅವರು ಅಂದು ಮಾಡಿದ ಪರಿಹಾರ ಆ ಹುಡುಗನಿಗೆ ಇನ್ನೊಬ್ಬರ ಪಾಸ್‌ವರ್ಡ್ ಕೊಟ್ಟಿದ್ದು.

ಜೋಗದ ಗುಂಡಿ:

ಮೈಎಸ್‌ಕ್ಯೂಎಲ್‌ನವರು ಯಾರೂ ಮಾತಾಡಲಿಲ್ಲ. ಅದು ಯಾವಾಗಲೂ ವರ್ಷ ಮೊದಲು ಅಂತಲೇ ಓದೋದು, ಸೆಟ್ಟಿಂಗ್ ಗೊಡವೆ ಇಲ್ಲ. ‘13-8-68’ ಕೊಟ್ಟರೆ 2013ರ ಆಗಸ್ಟ್ 68ನೇ ದಿನ ಅಂದುಕೊಂಡು ತಿರಸ್ಕರಿಸುತ್ತದೆ. ಆದರೆ ‘10:11:12’ ಅಂತ ಗಂಟೆ ಹೊತ್ತಿನ ಹಾಗೆ ಕಾಣೋದನ್ನು ಡೇಟ್ ಕಾಲಂಗೆ ಹಾಕಿದರೆ 2010ರ ನವೆಂಬರ್ 12 ಮಾಡಿಕೊಳ್ಳುತ್ತದೆ! ಸ್ಟ್ರಿಕ್ಟ್ ಮೋಡ್ (ಕೆಟ್ಟ ಮಾಹಿತಿ ತಿರಸ್ಕರಿಸುವ ಸೆಟ್ಟಿಂಗ್) ಇಲ್ಲದ ಹಳೇ ಸರ್ವರ್‌ಗಳಲ್ಲಿ ಕೆಟ್ಟ ತಾರೀಕು ಬಂದರೆ ಎಲ್ಲ ಸೊನ್ನೆ ಇರುವ ತಾರೀಕು ಬರೆದು ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. 5.7ರಿಂದ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಇರುತ್ತದೆ.

ಮೊಬೈಲ್ ಆ್ಯಪ್‌ನವರಿಗೆ: ಆ್ಯಪ್ ಒಳಗಿನ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ ತಾರೀಕು ಅನ್ನುವ ಬಗೆಯೇ ಇಲ್ಲ. ‘13-8-68’ ಅನ್ನು ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ವಿಂಗಡಿಸಿದರೆ ಅಕ್ಷರದ ಕ್ರಮ ಬರುತ್ತದೆ, ಕಾಲದ ಕ್ರಮ ಅಲ್ಲ.

ಹೊಸನಗರದವ:

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಈಗ ನನ್ನ ಟೇಬಲ್ ಸರಿ ಮಾಡೋದು ಹೇಗೆ? ಮೊದಲಿನಿಂದ ಟೈಪ್ ಮಾಡು ಅಂದರೆ ತಂಗಿ ಮನೆಗೆ ಸೇರಿಸೋದಿಲ್ಲ.

ಕುಂದಾದ್ರಿ:

ಬೇಡ, ಫೈಲಿನಲ್ಲೇ ಗುರುತು ಉಳಿದಿದೆ. ಎಕ್ಸೆಲ್ ತಿರುಗಿಸಿದ್ದು 1ರಿಂದ 12ನೇ ತಾರೀಕಿನ ಸಾಲುಗಳನ್ನು ಮಾತ್ರ, ಅವೆಲ್ಲ ವರ್ಷ-ಮೊದಲಿನ ರೂಪದಲ್ಲಿವೆ. ಉಳಿದವು ಡೈರಿಯಲ್ಲಿದ್ದ ರೂಪದಲ್ಲೇ ಇವೆ.

ಈಗಿನ ಟೇಬಲ್ ಬಿಟ್ಟುಬಿಡಿ. ಹೊಸದೊಂದು ಮಾಡಿ, ಅದರಲ್ಲಿ ಎಲ್ಲ ಕಾಲಂ ಟೆಕ್ಸ್ಟ್. ಸಿಎಸ್‌ವಿಯನ್ನು ಹಾಗೇ ಸುರಿಯಿರಿ. ಟೆಕ್ಸ್ಟ್ ಆದರೆ ಡೇಟ್‌ಸ್ಟೈಲ್‌ಗೆ ಕೆಲಸವೇ ಇಲ್ಲ, ಲ್ಯಾಪ್‌ಟಾಪ್ ಆದರೂ ಸರ್ವರ್ ಆದರೂ ಒಂದೇ. ಆಮೇಲೆ ಪಕ್ಕದಲ್ಲಿ ಒಂದು ನಿಜವಾದ ಡೇಟ್ ಕಾಲಂ ಸೇರಿಸಿ, ಅಕ್ಷರವನ್ನು ತಾರೀಕು ಮಾಡುವ ಟು-ಡೇಟ್ ಫಂಕ್ಷನ್‌ನಿಂದ ತುಂಬಿ. ನಾಲ್ಕಂಕಿಯಿಂದ ಶುರುವಾಗುವ ಸಾಲಿಗೆ ‘ವರ್ಷ-ದಿನ-ತಿಂಗಳು’ ಅಂತ ಬೇಕೆಂದೇ ತಿರುಗಿಸಿದ ಫಾರ್ಮ್ಯಾಟ್ ಕೊಡಿ. ಉಳಿದದ್ದಕ್ಕೆ ‘ದಿನ-ತಿಂಗಳು-ವರ್ಷ’. ಅದರಲ್ಲಿ ವರ್ಷದ ಎರಡಂಕಿಯ ಮುಂದೆ ನೀವೇ 19 ಸೇರಿಸಿ ಕೊಡಿ. ಟು-ಡೇಟ್ ಕೂಡ 68ನ್ನು 2068 ಅಂತಲೇ ಓದುತ್ತದೆ, ಅದರ ಮೇಲೆ ಭಾರ ಹಾಕಬೇಡಿ. ಪೋಸ್ಟ್‌ಗ್ರೆಸ್ 10ಕ್ಕಿಂತ ಹಳೆಯದಾದರೆ ಟು-ಡೇಟ್ ಫೆಬ್ರವರಿ 31ನ್ನೂ ನುಂಗಿ ಮಾರ್ಚ್ 3 ಮಾಡುತ್ತದೆ. ಈಗಿನದರಲ್ಲಿ ಎರರ್ ಬರುತ್ತದೆ.

ಟೆಕ್ಸ್ಟ್ ಕಾಲಂ ಅಳಿಸಬೇಡಿ. ನಾಳೆ ಯಾರಾದರೂ ಕೇಳಿದರೆ ಫೈಲಿನಲ್ಲಿ ಏನಿತ್ತು ಅನ್ನೋದು ಉಳಿದಿರಬೇಕು.

ಬಿಳಿಗಡ್ಡ:

ಒಂದು ತಡೆ. ಇಡೀ ಫೈಲು ಒಂದೇ ಕಂಪ್ಯೂಟರ್‌ನಲ್ಲಿ ಟೈಪ್ ಆದದ್ದೇ? ವರ್ಷ-ಮೊದಲಿನ ಸಾಲುಗಳಲ್ಲಿ ಕೊನೆಯ ಅಂಕಿ 12ಕ್ಕಿಂತ ಜಾಸ್ತಿ ಇರೋದು ಒಂದಾದರೂ ಇದೆಯಾ ನೋಡಿ. ಇದ್ದರೆ ಆ ಭಾಗ ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ನಲ್ಲಿ ಆಗಿದೆ. ಅದನ್ನು ತಿರುಗಿಸಿದರೆ ಸರಿ ಇರೋದು ಕೆಡುತ್ತದೆ.

ಹೊಸನಗರದವ:

ಸರ್, ಇದೆ! 1990ರಿಂದ ಮುಂದೆ ‘1991-07-14’ ತರಹದ್ದು ತುಂಬಾ. ಕೇಳಿದೆ. ತಂಗಿಗೆ ಪರೀಕ್ಷೆ ಬಂತು ಅಂತ ಕೊನೆಯ ಡೈರಿಗಳನ್ನು ಅವಳ ತಮ್ಮ ಅವನ ಕಂಪ್ಯೂಟರ್‌ನಲ್ಲಿ ಮಾಡಿದ್ದಂತೆ. ಹಾಗಾದರೆ 1989ರ ತನಕ ಮಾತ್ರ ತಿರುಗಿಸಬೇಕು. ಆದರೆ ಗಡಿ ಸರಿಯಾಗಿ ಅಲ್ಲೇ ಇದೆ ಅಂತ ನಂಬೋದು ಹೇಗೆ?

ತುಂಗಾತೀರ:

ನಿಮ್ಮ ಅಜ್ಜ ಅದಕ್ಕೂ ದಾರಿ ಮಾಡಿಟ್ಟಿದ್ದಾರೆ: ಮಳೆ ನಕ್ಷತ್ರ! ಅದು ಸೂರ್ಯನ ಲೆಕ್ಕ, ಹಾಗಾಗಿ ಇಂಗ್ಲಿಷ್ ತಾರೀಕಿನಲ್ಲಿ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ದಿನ ಬರುತ್ತದೆ. ಆರಿದ್ರಾ ಜೂನ್ 21-22ರ ಹೊತ್ತಿಗೆ, ಪುನರ್ವಸು ಜುಲೈ 5-6, ಪುಷ್ಯ ಜುಲೈ 19-20, ಆಶ್ಲೇಷ ಆಗಸ್ಟ್ 2-3, ಮಖೆ ಆಗಸ್ಟ್ 16-17. ಈಗ ನಿಮ್ಮ ‘7-8-68, ಆಶ್ಲೇಷ’ ನೋಡಿ. ಆಗಸ್ಟ್ 7 ಆದರೆ ಆಶ್ಲೇಷ ಸರಿ. ಜುಲೈ 8 ಆಗಿದ್ದರೆ ಪುನರ್ವಸು ಅಂತ ಬರೆದಿರುತ್ತಿದ್ದರು. ಜನವರಿ 7ಕ್ಕೆ ಹೋಗಿ ಕೂತ ಸಾಲಿನ ಪಕ್ಕ ಏನಿದೆ?

ಹೊಸನಗರದವ:

ಆರಿದ್ರಾ.

ತುಂಗಾತೀರ:

ಅಲ್ಲಿಗೆ ಜುಲೈ 1 ಅನ್ನೋದು ಖಾತ್ರಿ. ನಕ್ಷತ್ರದ ಶುರು-ಕೊನೆ ಇರುವ ಸಣ್ಣ ಟೇಬಲ್ ಮಾಡಿ, ಸರಿಪಡಿಸಿದ ತಾರೀಕಿಗೆ ಜೋಡಿಸಿ. ಹೊಂದದ ಸಾಲು ಮಾತ್ರ ಹೊರಗೆ ತೆಗೆಯಿರಿ. ಗಡಿಯಲ್ಲಿ ಒಂದು ದಿನ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ದಿನದ ವಿಷಯ ಬಂದದ್ದಕ್ಕೆ ಕೇಳುತ್ತೇನೆ, ಅಜ್ಜ ಅಳೆಯುತ್ತಿದ್ದದ್ದು ಬೆಳಿಗ್ಗೆಯಾ? ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಹಾಕುತ್ತದೆ. ಅವರ ಅಂಕಿಗಳ ಜೊತೆ ಹೋಲಿಸುವುದಾದರೆ ಇದು ಬೇಕಾಗುತ್ತದೆ.

ಹೊಸನಗರದವ:

ಬೆಳಿಗ್ಗೆ ಕಾಫಿ ಆದ ಮೇಲೆ ಅಂತ ಅಪ್ಪ ಹೇಳುತ್ತಾರೆ. ಆದರೆ ಬರೆಯುತ್ತಿದ್ದದ್ದು ಅಂದಿನ ತಾರೀಕಿಗೋ ಹಿಂದಿನ ದಿನಕ್ಕೋ, ಡೈರಿ ನೋಡಿ ಹೇಳಬೇಕು.

ಸಾಗರದ ಸವಾರ:

ಮುಂದಿನ ಸಲಕ್ಕೆ: ದಿನ, ತಿಂಗಳು, ವರ್ಷ ಅಂತ ಮೂರು ಕಾಲಂ ಮಾಡಿಸಿ. ಎಕ್ಸೆಲ್‌ಗೆ ಅದು ತಾರೀಕು ಅಂತಲೇ ತಿಳಿಯಬಾರದು.

ಜೋಗದ ಗುಂಡಿ:

ಮೂರು ಕಾಲಂ ಅಂದರೆ ಟೈಪ್ ಮಾಡುವವರಿಗೆ ಕೈ ನೋವು. ಕಾಲಂ ಆಯ್ಕೆ ಮಾಡಿ ಮೊದಲೇ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿದರೆ ಸಾಕು. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆಯದೆ ಡೇಟಾ ಮೆನುವಿನಿಂದ ತರಬೇಕು, ಆಗ ಯಾವ ಕಾಲಂ ಏನು ಅಂತ ನಾವು ಹೇಳಬಹುದು.

ಸಾಗರದ ಸವಾರ:

ಟೆಕ್ಸ್ಟ್ ಮಾಡಲು ಮರೆಯುತ್ತಾರೆ. ಮೂರು ಕಾಲಂ ಮರೆಯಲು ಆಗುವುದಿಲ್ಲ. ನಾನು ಬಿಡಲ್ಲ :)

ಬಿಳಿಗಡ್ಡ:

ಎಕ್ಸೆಲ್‌ನ ಈ ಚಾಳಿಗೆ ಬೇಸತ್ತು ವಿಜ್ಞಾನಿಗಳು ಜೀನ್‌ಗಳ ಹೆಸರನ್ನೇ ಬದಲಿಸಿದರು, 2020ರ ಸುದ್ದಿ. ‘ಮಾರ್ಚ್1’ ಅನ್ನುವ ಜೀನ್ ಹೆಸರು ಶೀಟಿಗೆ ಹಾಕಿದರೆ ಮಾರ್ಚ್ ಒಂದನೇ ತಾರೀಕು ಆಗುತ್ತಿತ್ತು.

ಹೊಸನಗರದವ:

ಮಾಡಿದೆ. 1989ರ ತನಕದ್ದು ತಿರುಗಿಸಿ, 19 ಸೇರಿಸಿ, ನಕ್ಷತ್ರದ ಜೊತೆ ಜೋಡಿಸಿ ನೋಡಿದೆ. ಜನವರಿ ಒಣಗಿತು. 2060ರ ದಶಕ ಖಾಲಿ. ಹೊಂದದೆ ಉಳಿದದ್ದು ಬಹುತೇಕ ನಕ್ಷತ್ರದ ಮೊದಲ ದಿನ, ಕೊನೆಯ ದಿನ. ಕೆಲವು ಮಾತ್ರ ಬೇರೆ ಥರ ಇವೆ, ಡೈರಿಯ ಪುಟ ತೆಗೆದು ನೋಡುತ್ತೇನೆ. ಸರ್ವರ್‌ನಲ್ಲೂ ಇದೇ ಸ್ಕ್ರಿಪ್ಟ್ ಡೇಟ್‌ಸ್ಟೈಲ್ ಮುಟ್ಟದೆ ಓಡಿತು.

ಮಂಡಿಲೆಕ್ಕ:

ಒಂದು ಸಣ್ಣ ಪ್ರಶ್ನೆ. ಮೇಲೆ ಹಾಕಿದ ಸಾಲಿನಲ್ಲಿ ‘2.1’ ಅಂತ ಇತ್ತು. ಅದು 2 ಇಂಚು 10 ಸೆಂಟೋ, 2 ಇಂಚು 1 ಸೆಂಟೋ? ನೂರು ಸೆಂಟಿಗೆ ಒಂದು ಇಂಚು. 1 ಸೆಂಟು ಆದರೆ 2.01 ಅಂತ ಬರೆಯಬೇಕು.

ಹೊಸನಗರದವ:

ಅಯ್ಯೋ. ಕೆಲವು ಕಡೆ 5 ಸೆಂಟನ್ನು .5 ಅಂತ ಹಾಕಿರುವ ಹಾಗಿದೆ.

ಕುಂದಾದ್ರಿ:

ಎಕ್ಸೆಲ್ ಕೊನೆಯ ಸೊನ್ನೆ ತಿನ್ನುವುದರಿಂದ 50 ಸೆಂಟು, 5 ಸೆಂಟು ಎರಡೂ ‘.5’ ಆಗಿ ಕೂತಿರುತ್ತವೆ. ಫೈಲು ನೋಡಿ ಹೇಳಲು ಆಗದು. ಬಿಂದುವಿನ ನಂತರ ಒಂದೇ ಅಂಕಿ ಇರುವ ಸಾಲುಗಳನ್ನು ಪಟ್ಟಿ ಮಾಡಿ ಡೈರಿ ಹಿಡಿದು ಕೂರಬೇಕು. ಪಟ್ಟಿ ಇಲ್ಲಿ ಹಾಕಿ, ಡೈರಿ ಪುಟಗಳ ಫೋಟೋ ಇದ್ದರೆ ಅದನ್ನೂ ಹಾಕಿ. ಭಾನುವಾರ ನಾನೂ ಒಂದಷ್ಟು ನೋಡಿಕೊಡುತ್ತೇನೆ.